340 ರೂಪಾಯಿಗೆ ಬಂದ್ ಆದ ಖಾತೆ

"ಸೈಬರ್ ಕಳ್ಳರನ್ನು ಹಿಡಿಯೋಕೆ ಪೊಲೀಸರು ನಮ್ಮ ಮಾಹಿತಿ ನೋಡಿದರೆ ಏನಂತೆ? ತಪ್ಪು ಮಾಡದವರಿಗೆ ಯಾಕೆ ಭಯ?" ಎಂದು ಕೇಳಿದ್ದೀರಿ. ಮೊದಲು ನಾನೂ ಇದೇ ಮಾತು ಆಡುತ್ತಿದ್ದೆ.

ಮುಂಬಯಿಯ ಮಾಟುಂಗಾದಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್. ಗಲ್ಲಾದಲ್ಲಿ ಕೂರುವವನು ನಾನೇ. ಒಂದು ಬೆಳಗ್ಗೆ ಹಾಲಿನವನಿಗೆ ದುಡ್ಡು ಹಾಕಿದರೆ ಹೋಗುತ್ತಲೇ ಇಲ್ಲ. ಬ್ಯಾಂಕಿಗೆ ಓಡಿದೆ. ಬೇರೆ ರಾಜ್ಯದ ಸೈಬರ್ ಪೊಲೀಸರ ಮೇಲ್ ಬಂದಿದೆ, ಖಾತೆ ಫ್ರೀಜ್ ಆಗಿದೆ ಎಂದರು. ಕಾರಣ? ಯಾರೋ ಗಿರಾಕಿ ಯುಪಿಐನಲ್ಲಿ ಕೊಟ್ಟ 340 ರೂಪಾಯಿ. ಮೂರ್ನಾಲ್ಕು ಕೈ ದಾಟಿ ಬಂದ ಮೋಸದ ಹಣವಂತೆ ಅದು. ದುಡ್ಡು ಎಲ್ಲಿಂದ ಬಂತು ಅಂತ ವಿಚಾರಿಸಿ ದೋಸೆ ಹುಯ್ಯೋಕಾಗುತ್ತಾ? ಬಿಡಿಸಿಕೊಳ್ಳಲು ಐದು ವಾರ ಹಿಡಿಯಿತು. ಹುಡುಗರ ಸಂಬಳಕ್ಕೆ ಭಾವನ ಹತ್ತಿರ ಸಾಲ ಮಾಡಿದೆ.

ಹಾಗಂತ ಪೊಲೀಸರಿಗೆ ಅಧಿಕಾರವೇ ಬೇಡ ಅನ್ನಲಾರೆ. ಡೊಂಬಿವಲಿಯ ನಮ್ಮ ಚಿಕ್ಕಮ್ಮನನ್ನು ಒಬ್ಬ ನಕಲಿ ಪೊಲೀಸ್ ವಿಡಿಯೋ ಕಾಲ್‌ನಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ದುಡ್ಡು ಕಿತ್ತ. (ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ.) ಮಗ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ. ಅರ್ಧಕ್ಕಿಂತ ಜಾಸ್ತಿ ಹಣ ದಾರಿಯಲ್ಲೇ ಸಿಕ್ಕಿತು. ಸಿಕ್ಕಿದ್ದು ಹೇಗೆ? ಯಾರದೋ ಖಾತೆ ಫ್ರೀಜ್ ಮಾಡಿಯೇ ಅಲ್ವಾ! ನನಗೆ ಮುಳುವಾದ ಉಪಾಯವೇ ಚಿಕ್ಕಮ್ಮನನ್ನು ಉಳಿಸಿತು.

ಹಾಗಾಗಿ ನನ್ನ ತಕರಾರು ಅಳತೆಯದು. 340 ರೂಪಾಯಿ ತಡೆಯಿರಿ, ಇಡೀ ಖಾತೆ ಯಾಕೆ? ಕಾರಣವನ್ನು ಬರೆದು ಕೊಡಿ. ಇದೇನು ನನ್ನ ತಲೆಯಿಂದ ಬಂದದ್ದಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಹೇಳಿದರು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಕೈ ಹಾಕಬೇಕಾದರೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಬೇಕಾದ್ದಕ್ಕಿಂತ ಹೆಚ್ಚು ಕೈ ಚಾಚಬಾರದು ಎಂಬುದು ಅಲ್ಲಿನ ಅಳತೆಗೋಲು. ಜನರ ಮಾಹಿತಿ ಕಾಪಾಡಲು ಬಂದ 2023ರ ಡೇಟಾ ಕಾಯ್ದೆ ತಪ್ಪು ಮಾಡಿದ ಕಂಪನಿಗಳಿಗೆ 250 ಕೋಟಿವರೆಗೆ ದಂಡ ಹಾಕಬಲ್ಲದು. ಆದರೆ ಕೇಂದ್ರ ತನ್ನದೇ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಡಬಹುದು! ನನಗಂತೂ ಇದು ಸರಿ ಕಾಣುವುದಿಲ್ಲ.

ಇನ್ನು "ತಪ್ಪು ಮಾಡದವರು" ಎಂದಿರಿ. ಅದನ್ನು ತೀರ್ಮಾನಿಸುವವರು ಯಾರು? 2012ರಲ್ಲಿ ಶಿವಸೇನೆಯ ನಾಯಕ ಬಾಳಾ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಆಯಿತು. ಅದರ ಬಗ್ಗೆ ಇಲ್ಲೇ ಪಕ್ಕದ ಪಾಲ್ಘರ್‌ನ ಒಬ್ಬ ಹುಡುಗಿ ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಸುಮ್ನೆ ಲೈಕ್ ಒತ್ತಿದಳು. ಇಬ್ಬರೂ ಅರೆಸ್ಟ್. ಅವರ ಮೇಲೆ ಹಾಕಿದ ಐಟಿ ಕಾಯ್ದೆಯ 66ಎ ಕಲಮನ್ನು, ಅಂದರೆ ಆನ್‌ಲೈನ್ ಬರಹಕ್ಕೆ ಜೈಲಿಗೆ ಹಾಕಬಹುದಾಗಿದ್ದ ಕಲಮನ್ನು, ಸುಪ್ರೀಂ ಕೋರ್ಟ್ ಕಿತ್ತೆಸೆದದ್ದು 2015ರಲ್ಲಿ.

ನೀವು ಅಂಗಡಿ ಇಟ್ಟವರಾದರೆ ಒಂದು ಮಾತು: ಸಂಬಳದ ದುಡ್ಡನ್ನು ಬೇರೆ ಖಾತೆಯಲ್ಲಿಡಿ, ಬಿಲ್ ಪುಸ್ತಕ ಎಸೆಯಬೇಡಿ. ಕೊನೆಗೆ ನನ್ನನ್ನು ಬಿಡಿಸಿದ್ದು ಆ ದಿನದ ಬಿಲ್ಲು. ಮೂರು ಮಸಾಲೆ ದೋಸೆ, ಎರಡು ಕಾಫಿ.