ಕೋಚ್ ಆಗಬೇಕಂದ್ರೆ ಮೊದಲು ಏಳು ವರ್ಷದ ಮಕ್ಕಳು

ತಮ್ಮಾ, ನೀನು ಕೇಳಿದ್ದು ಇದು: "ಅಣ್ಣಾ, ಮಾಸ್ಟರ್ಸ್ ಓದೋಕೆ ಕಲೋನ್‌ಗೆ ಹೊರಟಿದ್ದೇನೆ. ಇಲ್ಲಿ ಎ ಡಿವಿಷನ್‌ನಲ್ಲಿ ಮಿಡ್‌ಫೀಲ್ಡ್ ಆಡ್ತೇನೆ. ಅಲ್ಲಿ ಫುಟ್‌ಬಾಲ್ ಆಡಿ ದುಡ್ಡು ಸಿಗುತ್ತಾ? ಮುಂದೆ ಕೋಚ್ ಆಗಬಹುದಾ?"

ದುಡ್ಡು ಸಿಗಲ್ಲ. ಆಟ ಸಿಗುತ್ತದೆ, ಬೇಕಾದಷ್ಟು.

ಜರ್ಮನಿಯಲ್ಲಿ ಪ್ರತಿ ಏರಿಯಾಗೂ ಒಂದು ಫೆರೈನ್ ಇರುತ್ತದೆ. ಅಂದರೆ ಸದಸ್ಯರೇ ನಡೆಸುವ ಸಂಘ. ಚಂದಾ ನೀನೇ ಕಟ್ಟಬೇಕು. ಕೆಳಗಿನ ಲೀಗ್‌ಗೆ ಕ್ರೈಸ್‌ಲೀಗಾ ಅಂತಾರೆ. ಪಕ್ಕದಲ್ಲಿ ಆಡುವವರು ಎಲೆಕ್ಟ್ರಿಷಿಯನ್, ನರ್ಸ್, ಬ್ಯಾಂಕ್ ಗುಮಾಸ್ತ. ಭಾನುವಾರ ಮ್ಯಾಚ್. ನೀನು ಇಲ್ಲಿ ರಿಜಿಸ್ಟರ್ ಆದ ಆಟಗಾರ ಅಲ್ವಾ, ಅದನ್ನು ಅಲ್ಲಿನ ಕ್ಲಬ್‌ಗೆ ಮೊದಲೇ ಹೇಳು. ಅಂತರರಾಷ್ಟ್ರೀಯ ವರ್ಗಾವಣೆ ಪತ್ರ ನಮ್ಮ ಫೆಡರೇಷನ್‌ನಿಂದ ಅವರ ಫೆಡರೇಷನ್‌ಗೆ ಹೋಗಬೇಕು. ಅದು ಬರೋವರೆಗೂ ಸುಮ್ನೆ ಟ್ರೈನಿಂಗ್ ಮಾಡ್ತಾ ಇರು. ಆ ಕಡೆ ಇನ್ನೂ ಕೆಲವು ಹಳೇ ಗ್ರೌಂಡ್‌ಗಳಲ್ಲಿ ಹುಲ್ಲೇ ಇಲ್ಲ, ಕೆಂಪು ಪುಡಿ ಹಾಕಿರುತ್ತಾರೆ. ಆಸ್ಟಿನ್ ಟೌನ್ ಧೂಳಲ್ಲಿ ಬೆಳೆದವನಿಗೆ ಅದೇನೂ ಹೊಸದಲ್ಲ. ಆದರೆ ನವೆಂಬರ್ ಚಳಿಯಲ್ಲಿ ಬಿದ್ದು ಮಂಡಿ ತರಚಿಕೊಂಡರೆ ಉರಿಯೋದು ಬೇರೆ ಥರ.

ಈಗ ಕೋಚಿಂಗ್ ವಿಷಯ. ಮಿಡ್‌ಫೀಲ್ಡರ್‌ಗಳೇ ಒಳ್ಳೆ ಕೋಚ್ ಆಗ್ತಾರೆ, ಇಡೀ ಗ್ರೌಂಡ್ ಅವರ ಕಣ್ಣಲ್ಲಿರುತ್ತೆ ಅಂತ ನಿನ್ನ ಕಿವಿಗೂ ಬಿದ್ದಿರುತ್ತದೆ. ಅರ್ಧ ನಿಜ. ಪಾಸ್ ಎಲ್ಲಿಗೆ ಹೋಗಬೇಕು ಅಂತ ನಿನ್ನ ಕಾಲಿಗೆ ಗೊತ್ತು. ಅದನ್ನು ಇನ್ನೊಬ್ಬನ ಕಾಲಿಗೆ ದಾಟಿಸಬೇಕಲ್ಲ, ಅಲ್ಲಿರೋದು ಕಷ್ಟ.

ಕಲೋನ್ ಪಕ್ಕದಲ್ಲೇ ಲೆವರ್ಕುಸೆನ್ ಇದೆ. ಅಲ್ಲಿ ಕೋಚ್ ಆಗಿದ್ದ ಸಾಬಿ ಅಲೊನ್ಸೊ 2010ರ ವಿಶ್ವಕಪ್ ಗೆದ್ದ ಮಿಡ್‌ಫೀಲ್ಡರ್. 2017ರಲ್ಲಿ ಆಟ ನಿಲ್ಲಿಸಿದ. ಅಂಥವನೂ ಶುರು ಮಾಡಿದ್ದು ರಿಯಲ್ ಮ್ಯಾಡ್ರಿಡ್‌ನ 14 ವರ್ಷದೊಳಗಿನ ಹುಡುಗರ ಜೊತೆ. ಆಮೇಲೆ ರಿಯಲ್ ಸೊಸಿಯೆಡಾಡ್‌ನ ಎರಡನೇ ಟೀಮ್‌ನಲ್ಲಿ ಮೂರು ವರ್ಷ. 2022ರ ಅಕ್ಟೋಬರ್‌ನಲ್ಲಿ ಲೆವರ್ಕುಸೆನ್‌ಗೆ ಬಂದಾಗ ಟೀಮ್ ಜರ್ಮನಿಯ ಅತಿ ದೊಡ್ಡ ಲೀಗ್ ಬುಂಡೆಸ್‌ಲೀಗಾದಲ್ಲಿ 17ನೇ ಸ್ಥಾನದಲ್ಲಿತ್ತು. 2023–24ರಲ್ಲಿ 34 ಮ್ಯಾಚ್‌ಗಳಲ್ಲಿ ಒಂದೂ ಸೋಲದೆ ಚಾಂಪಿಯನ್. ಜನ ಈ ಕೊನೆಯ ಸಾಲು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರನ್ನೇ ನೋಡು. ಅವರೂ ಮಿಡ್‌ಫೀಲ್ಡರ್, ಭಾರತದ ಕ್ಯಾಪ್ಟನ್. 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಪರ ಇರಾಕ್‌ನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು. ಪಂಜಾಬಿನ ಜೆಸಿಟಿ ಕ್ಲಬ್ ಜೊತೆ ಮೊದಲ ನ್ಯಾಷನಲ್ ಲೀಗ್ ಗೆದ್ದರು. 2001ರಲ್ಲಿ ಕ್ಯಾಪ್ಟನ್ ಆಗಿ ಈಸ್ಟ್ ಬೆಂಗಾಲ್‌ಗೂ ಅದನ್ನು ಗೆಲ್ಲಿಸಿಕೊಟ್ಟರು. ಆಟ ಬಿಟ್ಟ ಮೇಲೆ ಹೋಗಿದ್ದು ಎಲ್ಲಿಗೆ? ತಾವೇ ಕಲಿತ ಟಾಟಾ ಅಕಾಡೆಮಿಗೆ, ಹುಡುಗರಿಗೆ ಕಲಿಸೋಕೆ. ಆಮೇಲೆ ಶಿಲ್ಲಾಂಗ್, ಕೋಯಿಕ್ಕೋಡ್ ಕ್ಲಬ್‌ಗಳಲ್ಲಿ ಕೋಚ್. 2020ರಲ್ಲಿ, 49ನೇ ವಯಸ್ಸಿಗೇ ತೀರಿಕೊಂಡರು. ಅವರ ಆಟದ ಬಗ್ಗೆ ಇಲ್ಲಿ ಈಗಲೂ ಮಾತಾಡ್ತಾರೆ, ಕೋಚಿಂಗ್ ಬಗ್ಗೆ ಕಡಿಮೆ. ಅದು ಸರಿಯಲ್ಲ ಅಂತ ನನ್ನ ಅನಿಸಿಕೆ.

ನಿನಗೂ ಅಲ್ಲಿ ಮೊದಲು ಸಿಗೋದು ಏಳು ವರ್ಷದ ಮಕ್ಕಳೇ. ಕ್ಲಬ್‌ಗಳಿಗೆ ಚಿಕ್ಕ ಮಕ್ಕಳ ಕೋಚ್‌ಗಳು ಯಾವಾಗಲೂ ಬೇಕು. ಪೊಲೀಸ್ ಪ್ರಮಾಣಪತ್ರ ಕೇಳುತ್ತಾರೆ, ಬೇಜಾರು ಮಾಡ್ಕೋಬೇಡ, ಎಲ್ಲರಿಗೂ ಕೇಳುತ್ತಾರೆ. 2024–25ರಿಂದ ಚಿಕ್ಕವರ ಆಟವೇ ಬದಲಾಗಿದೆ. ಮೂವರ ಎದುರು ಮೂವರು, ನಾಲ್ಕು ಪುಟಾಣಿ ಗೋಲ್, ಪಾಯಿಂಟ್ಸ್ ಟೇಬಲ್ ಇಲ್ಲ. ಎಲ್ಲರ ಕಾಲಿಗೂ ಬಾಲ್ ಜಾಸ್ತಿ ಸಿಗಲಿ ಅಂತ. ಅಲ್ಲಿ ನಾನು ಕಲಿಸೋ ಬ್ಯಾಚ್‌ನಲ್ಲಿ ಪಾಸಿಂಗ್ ಹೇಳಿಕೊಡೋದಕ್ಕಿಂತ ಲೇಸ್ ಕಟ್ಟೋದೇ ಜಾಸ್ತಿ. ಒಬ್ಬನ ಗ್ಲೌಸ್ ಕಳೆದಿರುತ್ತದೆ, ಇನ್ನೊಬ್ಬಳಿಗೆ ಆಟದ ಮಧ್ಯೆ ನಾಯಿ ಕಾಣುತ್ತದೆ. ಹೊರಗಿಂದ ಅಪ್ಪಂದಿರು ಕೂಗೋದು ಅಲ್ಲೂ ತಪ್ಪಿಲ್ಲ. ಇದನ್ನೆಲ್ಲ ಸಂಭಾಳಿಸೋದು ಜರ್ಮನ್‌ನಲ್ಲಿ. ದೊಡ್ಡವರಾದರೆ ಇಂಗ್ಲಿಷ್‌ನಲ್ಲಿ ಹೊಂದಿಕೊಳ್ಳುತ್ತಾರೆ, ಮಗು ಹೊಂದಿಕೊಳ್ಳಲ್ಲ. ಕೋಚಿಂಗ್ ಲೈಸೆನ್ಸ್ ಸಿ, ಬಿ, ಎ ಅಂತ ಮೇಲೆ ಹೋಗುತ್ತದೆ. ಅಲ್ಲಿನ ಸಿ ಕೋರ್ಸೂ ಜರ್ಮನ್‌ನಲ್ಲೇ.

ಕ್ಲಬ್ ಕೊಡೋ ಗೌರವಧನ ಬಸ್ಸು, ಕಾಫಿಗೆ ಆಗುತ್ತದೆ. ಬಾಡಿಗೆಗೆ ಬೇರೆ ಪಾರ್ಟ್ ಟೈಮ್ ಕೆಲಸ ಹುಡುಕಿಕೋ. ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ತಿ ದಿನ ದುಡಿಯಲು ಅವಕಾಶ ಇದೆ.

ಹೊರಡುವ ಮೊದಲು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕ್ಲಾಸ್‌ಗೆ ಸೇರು. ಸಂಜೆ ಟ್ರೈನಿಂಗ್ ತಪ್ಪಿದರೂ ಸರಿ. ಹೊಸ ಬೂಟ್ ಮಾತ್ರ ಈಗಲೇ ತಗೋಬೇಡ, ಕ್ಲಬ್‌ನ ಗ್ರೌಂಡ್ ಎಂಥದ್ದು ಅಂತ ನೋಡಿಕೊಂಡು ತಗೋ. ನಾನು ರಜೆಗೆ ಬಂದು ಬೆಂಗಳೂರಲ್ಲೇ ಇದ್ದೇನೆ. ಶನಿವಾರ ನಿಮ್ಮ ಪ್ರಾಕ್ಟೀಸ್ ಇದ್ದರೆ ಹೇಳು, ಬರ್ತೇನೆ.