ಬೆಟ್ಟ ಇಳಿಯುವಾಗ ನಾಯಿ ಯಾಕೆ ಮಲಗಿಬಿಟ್ಟಿತು?

ಪ್ರಶ್ನೆ: ಒಂದು ಶನಿವಾರ ಬೆಳಗ್ಗೆ ಎದ್ದವರೇ ಏನೂ ಯೋಚಿಸದೆ ನಮ್ಮ 3 ವರ್ಷದ ನಾಯಿಯನ್ನು ಕರೆದುಕೊಂಡು ಬೆಟ್ಟಕ್ಕೆ ಹೋದೆವು. ಹತ್ತುವಾಗ ನಮಗಿಂತ ಮುಂದೆ ಓಡಿತು. ಮಧ್ಯಾಹ್ನ ಇಳಿಯುವಾಗ ಮಾತ್ರ ನೆರಳು ಕಂಡಲ್ಲೆಲ್ಲ ಮಲಗಿತು. ಕೆಳಗೆ ಊರಿನವರು ನಾವು ಯಾವತ್ತೂ ತಿನ್ನದ ಅಡುಗೆ ಬಡಿಸಿದರು. ಹುರಿದ ಕೀಟವೂ ಇತ್ತು! ನಾಯಿಗೂ ಸ್ವಲ್ಪ ಅನ್ನ, ಸಾರು ಹಾಕಿದೆವು. ಮತ್ತೆ ಹೋಗುವ ಆಸೆ. ತಪ್ಪು ಮಾಡಿದೆವಾ?

ಉತ್ತರ: ದಿಢೀರ್ ಅಂತ ಹೊರಟಿದ್ದು ಖಂಡಿತ ತಪ್ಪಲ್ಲ. ನನ್ನ ನಾಯಿ ಕರಿಯನಿಗೆ ಈಗ 11 ವರ್ಷ. ಅವನ ಜೊತೆ ಹಾಗೆ ಹೊರಟ ದಿನಗಳಿಗೆ ಲೆಕ್ಕವಿಲ್ಲ. ನಿಮ್ಮ ವಿಷಯದಲ್ಲಿ ತಪ್ಪಿದ್ದು ಹೊತ್ತು. ಮಧ್ಯಾಹ್ನದ ಬಿಸಿಲಿಗೆ ನೀವು ಕೆಳಗಿರಬೇಕಿತ್ತು.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಒಂದಿಷ್ಟು, ಅಷ್ಟೇ. ನಾಲಿಗೆ ಚಾಚಿ ತೇಕುತ್ತಲೇ ಮೈ ತಂಪು ಮಾಡಿಕೊಳ್ಳಬೇಕು. ಅದರ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ಪಗ್, ಬುಲ್‌ಡಾಗ್‌ನಂಥ ಮೋಟು ಮೂತಿಯವಕ್ಕೆ ಇನ್ನೂ ಕಷ್ಟ. ನೀವು ಮುಂದೆ ನಡೆದರೆ ಅದು ಹೇಗಾದರೂ ಹಿಂದೆ ಬರುತ್ತದೆ, ಅಲ್ವಾ? ಅಂಥದ್ದು ಮಲಗಿತು ಅಂದರೆ ನಿಜಕ್ಕೂ ಆಗುತ್ತಿಲ್ಲ ಅಂತಲೇ ತಿಳಿಯಿರಿ. ನೆರಳಿನಲ್ಲಿ ಕೂರಿಸಿ, ಮೈಗೆ ನೀರು ಸುರಿದು ಗಾಳಿ ಹಾಕಿ. ತೇಕುವುದು ನಿಲ್ಲದಿದ್ದರೆ, ತೂರಾಡಿದರೆ ತಡಮಾಡದೆ ಪಶುವೈದ್ಯರ ಬಳಿ ಕರೆದೊಯ್ಯಿರಿ.

ಕರಿಯ ಒಮ್ಮೆ ಹೀಗೇ ಕೂತುಬಿಟ್ಟ. ನಾನು ಹಟ ಅಂದುಕೊಂಡು ಹಗ್ಗ ಎಳೆದೆ. ಪಾಪ, ಎದ್ದು ನಡೆದ. ಮನೆಗೆ ಬಂದು ನೋಡಿದರೆ ಕಾದ ಬಂಡೆಗೆ ಪಾದದ ಮೆತ್ತೆ ಸುಲಿದಿತ್ತು. ಅವತ್ತು ನಾನು ಅತ್ತುಬಿಟ್ಟೆ. ಈಗ ಬಂಡೆ ಬಂದರೆ ಅಂಗೈಯ ಹಿಂಬದಿ ಇಟ್ಟು 7ರ ತನಕ ಎಣಿಸುತ್ತೇನೆ. ನನ್ನ ಕೈ ತಡೆಯದಿದ್ದರೆ ಅವನನ್ನು ಅಲ್ಲಿ ನಡೆಸುವುದಿಲ್ಲ.

ಇನ್ನು ಊಟ. ಹೊಸ ಊರಿನ ರುಚಿ ಬಿಡಬೇಡಿ. ಕಣ್ಣೆದುರೇ ಬೆಂದು ಬಿಸಿಯಾಗಿ ಬಂದರೆ ನಾನೂ ಬಿಡುವವಳಲ್ಲ. ಸಿಗಡಿ, ಏಡಿ ತಿಂದರೆ ಅಲರ್ಜಿ ಆಗುವವರು ಮಾತ್ರ ಕೀಟ ಮುಟ್ಟಬೇಡಿ, ಅದರಿಂದಲೂ ಅಲರ್ಜಿ ಆಗಬಹುದು.

ಆದರೆ ನಾಯಿಗೆ ಆ ಸಾರು ಬೇಡವಾಗಿತ್ತು. ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ, ಬೆಂದಿರಲಿ, ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೂಡಲೇ ಗೊತ್ತಾಗುವುದಿಲ್ಲ. ಕೆಲವು ದಿನ ಬಿಟ್ಟು ಸುಸ್ತು, ಬಿಳಿಚಿದ ವಸಡು, ಕಂದು ಬಣ್ಣದ ಮೂತ್ರ ಕಾಣಬಹುದು. ಸ್ವಲ್ಪ ಸಾರಿಗೆ ಹೆದರಬೇಡಿ, ಆದರೆ ಇವು ಕಂಡರೆ ವೈದ್ಯರಿಗೆ ತೋರಿಸಿ, ಏನು ತಿಂದಿತ್ತು ಅಂತಲೂ ಹೇಳಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಮೂಳೆ ಕೂಡ ಕೊಡಬೇಡಿ.

ಮುಂದಿನ ಸಲ ಬೆಳಕು ಹರಿಯುವಾಗಲೇ ಹೊರಡಿ. ಕೆಲವು ಕಾಡುಗಳಲ್ಲಿ ನಾಯಿ ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಅದರ ಊಟ, ನೀರು, ಒಂದು ಬಟ್ಟಲು ನಿಮ್ಮ ಚೀಲದಲ್ಲಿರಲಿ. ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣಿ ಹುಳ ಇದೆಯಾ ಹುಡುಕಿ. ಕರಿಯ ಈ ಹೊತ್ತಿಗೆ ನಿದ್ದೆ ಹೋಗಿರುತ್ತಾನೆ, ಆದರೂ ನಾನು ಬಿಡುವುದಿಲ್ಲ.