38ನೆಯ ವಯಸ್ಸಿನಲ್ಲಿ ಬಿ.ಎ. ಸೇರಬಹುದೇ?

2005ರಲ್ಲಿ ಪಿಯುಸಿ ಮುಗಿಸಿ, ಮದುವೆ ಮಕ್ಕಳು ಎಂದು ಓದು ನಿಂತುಹೋಗಿ, ಈಗ 38ನೆಯ ವಯಸ್ಸಿನಲ್ಲಿ ಬಿ.ಎ.ಗೆ ಅರ್ಜಿ ಹಾಕಿದರೆ ತೆಗೆದುಕೊಳ್ಳುತ್ತಾರೆಯೇ, ನಡುವಿನ ಇಷ್ಟು ವರ್ಷಗಳಿಗೆ ಏನು ಸಮಜಾಯಿಷಿ ಕೊಡಬೇಕು ಎಂದು ಕೇಳಿದ್ದೀರಿ. ನಾನು 41ನೆಯ ವಯಸ್ಸಿನಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಸೇರಿ ಪದವಿ ಪಡೆದವಳು. ನನ್ನ ವಯಸ್ಸನ್ನು ಅಲ್ಲಿ ಯಾರೂ ವಿಚಾರಿಸಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಈ ವಿಶ್ವವಿದ್ಯಾನಿಲಯವಾಯಿತು. ದಿನವೂ ಕಾಲೇಜಿಗೆ ಹೋಗಲಾಗದವರೇ ಅದರ ವಿದ್ಯಾರ್ಥಿಗಳು.

ನನ್ನನ್ನು ನಿಜವಾಗಿ ಕಾಡಿದ್ದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಇನಿಶಿಯಲ್ ಇತ್ತು, ಪಿಯುಸಿ ಅಂಕಪಟ್ಟಿಯಲ್ಲಿ ತಂದೆಯದು ಮಾತ್ರ, ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿಕೊಂಡಿತ್ತು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದಾಗ ಮೂವರು ಬೇರೆ ಬೇರೆ ಹೆಂಗಸರಂತೆ ಕಂಡಿದ್ದು ಇನ್ನೂ ನೆನಪಿದೆ. ನೋಟರಿಯ ಬಳಿ ಅಫಿಡವಿಟ್ ಮಾಡಿಸಿದೆ, ಎರಡು ಸಲ ಓಡಾಡಿದೆ, ಕೊನೆಗೆ ಆಧಾರನ್ನೇ ಅಂಕಪಟ್ಟಿಯಂತೆ ತಿದ್ದಿಸಿಕೊಂಡೆ. ನಿಮಗೆ ಇದು ಇನ್ನೂ ಮುಖ್ಯ, ಏಕೆಂದರೆ ಈಗ ದೂರಶಿಕ್ಷಣಕ್ಕೆ ಸೇರುವವರೆಲ್ಲ ಯುಜಿಸಿಯ (ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ) ಡಿಇಬಿ ಐಡಿ, ಅಂದರೆ ಅದರ ದೂರಶಿಕ್ಷಣ ವಿಭಾಗ ಕೊಡುವ ಗುರುತಿನ ಸಂಖ್ಯೆ, ಪಡೆಯಲೇಬೇಕು; ನಾನು ಸೇರಿದಾಗ ಅದಿರಲಿಲ್ಲ. ಅದಕ್ಕೆ ಮೊದಲು ಸರ್ಕಾರದ ದಾಖಲೆಗಳ ಆ್ಯಪ್ ಆದ ಡಿಜಿಲಾಕರ್‌ನಲ್ಲಿ ಎಬಿಸಿ ಐಡಿ (ವಿದ್ಯಾರ್ಥಿಯ ಓದಿನ ಕ್ರೆಡಿಟ್‌ಗಳನ್ನು ದಾಖಲಿಸುವ ಖಾತೆಯ ಸಂಖ್ಯೆ) ಆಗಬೇಕು, ಅದು ಆಧಾರಿನ ವಿವರವನ್ನೇ ತೆಗೆದುಕೊಳ್ಳುತ್ತದೆ. ಆಧಾರಿನಲ್ಲಿ ಹೆಸರು ತಿದ್ದಿಸಲು ಸಾಮಾನ್ಯವಾಗಿ ಎರಡೇ ಅವಕಾಶವಿರುವುದರಿಂದ, ಯಾವ ಅಕ್ಷರ, ಯಾವ ಇನಿಶಿಯಲ್ ಬೇಕೆಂದು ಅಂಕಪಟ್ಟಿ ನೋಡಿಕೊಂಡೇ ಹೋಗಿ. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ನಿಮ್ಮ ಬಳಿಯೇ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಮುಕ್ತ ವಿಶ್ವವಿದ್ಯಾನಿಲಯದ ಪದವಿಗೆ ಬೆಲೆಯಿಲ್ಲ ಎಂದು ನಿಮಗೂ ಯಾರಾದರೂ ಹೇಳಬಹುದು. 2015ರಲ್ಲಿ ಅದರ ಮಾನ್ಯತೆಗೆ ತೊಡಕಾಗಿ ಅನೇಕ ವಿದ್ಯಾರ್ಥಿಗಳು ನೊಂದದ್ದು ನಿಜ, ಆದರೆ 2018ರಲ್ಲಿ ಮಾನ್ಯತೆ ಮರಳಿತು. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಹಣ ಕಟ್ಟುವ ಮುನ್ನ, ನೀವು ಸೇರುವ ವರ್ಷಕ್ಕೆ ನಿಮ್ಮ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಜಾಲತಾಣದಲ್ಲಿ ನೀವೇ ನೋಡಿ. ಆರೇ ತಿಂಗಳಲ್ಲಿ ಡಿಗ್ರಿ ಕೊಡಿಸುತ್ತೇವೆ ಎನ್ನುವವರ ಕಡೆಗೆ ದಯವಿಟ್ಟು ಹೋಗಬೇಡಿ. ನನ್ನ ಪರಿಚಯದವರೊಬ್ಬರು ಅಂಥಲ್ಲಿ ದುಡ್ಡು ಕಟ್ಟಿ, ಮೂಲ ಅಂಕಪಟ್ಟಿಯನ್ನೂ ಕಳೆದುಕೊಂಡರು.

ಓದಿನ ಬಗ್ಗೆ ಒಂದೇ ಮಾತು. ಪಾಠ ಅರ್ಥವಾಗುತ್ತದೆ, ಬದುಕು ನೋಡಿದವರಿಗೆ ಸಮಾಜಶಾಸ್ತ್ರ, ಇತಿಹಾಸ ಚೆನ್ನಾಗಿಯೇ ಅರ್ಥವಾಗುತ್ತದೆ, ಆದರೆ ಕೈಗೆ ಬರೆಯುವ ಅಭ್ಯಾಸ ತಪ್ಪಿರುತ್ತದೆ. ಮೊದಲ ಸಲ ಗಡಿಯಾರ ಇಟ್ಟುಕೊಂಡು ಉತ್ತರ ಬರೆಯಲು ಕುಳಿತಾಗ ಕಾಲು ಗಂಟೆಗೇ ಹೆಬ್ಬೆರಳು ಸೆಟೆದುಕೊಂಡಿತು. ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಮೂರು ಗಂಟೆ. ಅಂದಿನಿಂದ ದಿನಕ್ಕೊಂದು ಪುಟದಂತೆ ಪತ್ರಿಕೆಯ ಸಂಪಾದಕೀಯವನ್ನು ನಕಲು ಮಾಡುತ್ತಾ ಹೋದೆ. ನೀವು ಅರ್ಜಿ ಹಾಕುವ ಮೊದಲೇ ಅದನ್ನು ಶುರುಮಾಡಿ.

ಪ್ರವೇಶ ಜುಲೈ ಮತ್ತು ಜನವರಿ ಎರಡೂ ಆವೃತ್ತಿಗಳಲ್ಲಿ ನಡೆಯುವುದರಿಂದ, ಹೆಸರಿನ ತಿದ್ದುಪಡಿಗೆ ತಿಂಗಳು ಹೆಚ್ಚು ಹಿಡಿದರೂ ನಿಮ್ಮ ವರ್ಷ ಹಾಳಾಗುವುದಿಲ್ಲ.